ಅಳತೆಗೋಲು ಯಾರ ಮನೆಯಲ್ಲಿರಬೇಕು?

ಪರೀಕ್ಷೆಯ ಫಲಿತಾಂಶ ನೋಡುವ ಹೊತ್ತಿಗೇ ಕಂಪ್ಯೂಟರ್ ಆಮೆಯಂತೆ ತೆವಳಿದರೆ ಮಕ್ಕಳೂ ಪೋಷಕರೂ ಯಂತ್ರವನ್ನು ಬೈಯುತ್ತಾರೆ. ತಪ್ಪು ಎಷ್ಟೋ ಸಲ ಯಂತ್ರದ್ದಲ್ಲ, ಪ್ರೋಗ್ರಾಮಿನ ಯಾವುದೋ ಒಂದು ಮೂಲೆಯದು. ಯಾವ ಮೂಲೆ? ಇಲ್ಲಿ ಊಹೆ ಕೈಕೊಡುತ್ತದೆ. 1971ರಲ್ಲಿ ಅಮೆರಿಕದ ಡೊನಾಲ್ಡ್ ಕ್ನೂತ್ ಫೋರ್ಟ್ರಾನ್ ಪ್ರೋಗ್ರಾಮುಗಳನ್ನು ಪರಿಶೀಲಿಸಿ, ಸಾಮಾನ್ಯವಾಗಿ ಶೇಕಡ 4ಕ್ಕೂ ಕಡಿಮೆ ಭಾಗವೇ ಅರ್ಧಕ್ಕಿಂತ ಹೆಚ್ಚು ಸಮಯವನ್ನು ನುಂಗುತ್ತದೆಂದು ತೋರಿಸಿದರು.

ಆ ಭಾಗವನ್ನು ಹಿಡಿದುಕೊಡುವ ಸಾಧನವೇ 'ಪ್ರೊಫೈಲರ್'. ಅದು ಕೆಲಸ ಮಾಡುವ ಬಗೆ ಸ್ವಾರಸ್ಯಕರ. ಮುಖ್ಯೋಪಾಧ್ಯಾಯರು ದಿನವಿಡೀ ಒಂದೇ ತರಗತಿಯಲ್ಲಿ ಕೂರುವುದಿಲ್ಲ. ಆಗಾಗ ಕಾರಿಡಾರಿನಲ್ಲಿ ಹಾದು ಇಣುಕುತ್ತಾರೆ. ನೂರು ಸಲ ಇಣುಕಿದಾಗ ಅರುವತ್ತು ಸಲ ಒಂದೇ ಕೋಣೆಯಲ್ಲಿ ಗಲಾಟೆ ಕಂಡರೆ ಮತ್ತೇನು ಸಾಕ್ಷಿ ಬೇಕು? ಪ್ರೊಸೆಸರಿನೊಳಗಿನ ಎಣಿಕೆ ಯಂತ್ರವೂ ಹಾಗೆಯೇ. ನಿಗದಿತ ಎಣಿಕೆ ತುಂಬಿದೊಡನೆ ಕೆಲಸವನ್ನು ಕ್ಷಣಕಾಲ ತಡೆದು, 'ಈಗ ನಡೆಯುತ್ತಿದ್ದ ಸಾಲು ಯಾವುದು?' ಎಂದು ಬರೆದುಕೊಳ್ಳುತ್ತದೆ. ತೀರ ಪದೇ ಪದೇ ಇಣುಕಿದರೆ ಪಾಠವೇ ಕೆಡುತ್ತದೆ ಎನ್ನುವುದೂ ನಿಜ. ಅಳೆಯುವ ಕ್ರಿಯೆ ಅಳೆಯುವ ವಸ್ತುವನ್ನು ಕದಲಿಸುವುದು ಭೌತಶಾಸ್ತ್ರಕ್ಕೆ ಹೊಸದೇನಲ್ಲ.

ಇಂಥ ಸಾಧನವನ್ನು ಎಲ್ಲಿಡಬೇಕು? ಯಾರು ಬೇಕಾದರೂ ಓದಿ ತಿದ್ದಬಹುದಾದ ಮುಕ್ತ ತಂತ್ರಾಂಶ ಲಿನಕ್ಸ್‌ನಲ್ಲಿ ಈ ಪ್ರಶ್ನೆ ದೊಡ್ಡ ಚರ್ಚೆಯನ್ನೇ ಎಬ್ಬಿಸಿತು. 2002ರಲ್ಲಿ ಬಂದ 'ಓಪ್ರೊಫೈಲ್' ಅರ್ಧ ಒಳಗೆ, ಅರ್ಧ ಹೊರಗೆ ಇತ್ತು. ಮಾಹಿತಿ ಕಲೆಹಾಕುವ ಭಾಗ ಲಿನಕ್ಸ್‌ನ ತಿರುಳಾದ ಕರ್ನೆಲ್ಲಿನಲ್ಲಿ; ವರದಿ ಸಿದ್ಧಪಡಿಸುವ ಭಾಗ ಬೇರೆಯವರ ಕೈಯಲ್ಲಿ. ಒಳಗಿನದನ್ನು ತಿದ್ದಿದವರು ಹೊರಗಿನವರ ದಾರಿ ಕಾಯಬೇಕು. 2008ರ ಡಿಸೆಂಬರಿನಲ್ಲಿ ಇಂಗೊ ಮೊಲ್ನಾರ್ ಮತ್ತು ಥಾಮಸ್ ಗ್ಲೈಕ್ಸ್ನರ್ ಹೊಸ ವ್ಯವಸ್ಥೆಯೊಂದನ್ನು ಮುಂದಿಟ್ಟರು. ಅದರ 'ಪರ್ಫ್' ಎಂಬ ಸಾಧನ ಮೊದಲು ಬೀಡುಬಿಟ್ಟದ್ದು ವಿಚಿತ್ರ ಜಾಗದಲ್ಲಿ: ದಾಖಲೆ ಪತ್ರಗಳ ಫೋಲ್ಡರಿನಲ್ಲಿ! 2009ರ ಜೂನ್‌ನಲ್ಲಿ ಅದಕ್ಕೆ 'ಟೂಲ್ಸ್' ಫೋಲ್ಡರಿನಲ್ಲಿ ಸ್ವಂತ ಕೋಣೆ ದೊರೆಯಿತು, ಸೆಪ್ಟೆಂಬರಿನ 2.6.31 ಆವೃತ್ತಿಯೊಡನೆ ಜನರ ಕೈ ಸೇರಿತು.

ಅಂದಿನಿಂದ ಕರ್ನೆಲ್ಲಿನ ಬದಲಾವಣೆಯನ್ನೂ ಸಾಧನದ ಬದಲಾವಣೆಯನ್ನೂ ಒಬ್ಬರೇ ಒಟ್ಟಿಗೆ ಕಳುಹಿಸಬಹುದಾಯಿತು. ಆಕ್ಷೇಪಗಳೂ ಇದ್ದವು. ಒಂದನ್ನು ಒಳಗೆ ಬಿಟ್ಟರೆ ಉಳಿದವು ಸುಮ್ಮನಿರುತ್ತವೆಯೆ? ಸಾಧನದ ಬಿಡುಗಡೆ ಕರ್ನೆಲ್ಲಿನ ವೇಳಾಪಟ್ಟಿಗೇ ಏಕೆ ಕಟ್ಟುಬೀಳಬೇಕು? ಈ ಭಯ ಹುಸಿಯಾಗಿರಲಿಲ್ಲ. 2011ರಲ್ಲಿ ಕಂಪ್ಯೂಟರಿನೊಳಗೊಂದು ಕಲ್ಪಿತ ಕಂಪ್ಯೂಟರ್ ನಡೆಸುವ ಕೆವಿಎಂ ಸಾಧನವೂ ಇದೇ ವಾದ ಹಿಡಿದು ಬಾಗಿಲು ತಟ್ಟಿತು. ಅದಕ್ಕೆ ಪ್ರವೇಶ ಸಿಗಲಿಲ್ಲ. ಅದು ಹೊರಗೇ ಬೇರೆ ಸಂಸಾರ ಹೂಡಿತು. ಇದು ಸರಿಯಾದ ತೀರ್ಮಾನವೆಂದೇ ತೋರುತ್ತದೆ. ಪರ್ಫ್ ಕರ್ನೆಲ್ಲನ್ನೇ ಅಳೆಯುತ್ತದೆ, ಕರ್ನೆಲ್ ಕಟ್ಟುವವರಿಗೇ ದಿನವೂ ಬೇಕು. ಕೆವಿಎಂ ಸಾಧನಕ್ಕೆ ಅಷ್ಟು ಹತ್ತಿರದ ನಂಟಿರಲಿಲ್ಲ.

ಓಪ್ರೊಫೈಲ್ ಕೂಡ ಮುಂದೆ ಮಾಹಿತಿಗಾಗಿ ಪರ್ಫ್‌ನ ವ್ಯವಸ್ಥೆಯನ್ನೇ ಬಳಸತೊಡಗಿತು. ಕರ್ನೆಲ್ಲಿನೊಳಗಿದ್ದ ಅದರ ಹಳೆಯ ಭಾಗವನ್ನು 2021ರಲ್ಲಿ 5.12ನೇ ಆವೃತ್ತಿಯಿಂದ ತೆಗೆದುಹಾಕಲಾಯಿತು.