ಬೆಟ್ಟದಲ್ಲಿ ಮೊದಲ ವೈದ್ಯ ಪಕ್ಕದಲ್ಲಿರುವವನೇ



ಪಟ್ಟಣದಲ್ಲಿ ಒಬ್ಬನಿಗೆ ಪೆಟ್ಟು ಬಿದ್ದರೆ ಸ್ವಲ್ಪ ಹೊತ್ತಿನಲ್ಲೇ ಆಸ್ಪತ್ರೆಯ ಬಾಗಿಲು ಸಿಗುತ್ತದೆ. ಬೆಟ್ಟದ ಮೇಲೆ, ಕಾಡಿನ ಅಂಚಿನಲ್ಲಿ ಬೇಸಾಯ ಮಾಡಿಕೊಂಡಿರುವ ನಮ್ಮ ಪಾಡೇ ಬೇರೆ. ತಾಳವಾಡಿ ಸೀಮೆಯಿಂದ ಸತ್ಯಮಂಗಲಕ್ಕೆ ಇಳಿಯಬೇಕೆಂದರೆ ದಿಂಬಂ ಘಾಟಿಯ 27 ತಿರುವುಗಳನ್ನು ದಾಟಬೇಕು. ಚಾಮರಾಜನಗರದ ಕಡೆಗೆ ಹೋಗೋಣವೆಂದರೆ ರಾಜ್ಯದ ಗಡಿಯನ್ನೇ ದಾಟಬೇಕು. ಮರದಿಂದ ಬಿದ್ದವನು, ಟ್ರಾಕ್ಟರಿನ ಅಡಿಗೆ ಸಿಕ್ಕವನು, ಆನೆಯ ಕೈಗೆ ಸಿಕ್ಕಿ ಬದುಕುಳಿದವನು ವೈದ್ಯರ ಮುಂದೆ ತಲುಪುವಷ್ಟರಲ್ಲಿ ಒಂದು ಗಂಟೆಯೋ ಎರಡು ಗಂಟೆಯೋ ಕಳೆದಿರುತ್ತದೆ. ಆ ಹೊತ್ತಿನಲ್ಲಿ ಜೊತೆಗಿದ್ದವರು ಏನು ಮಾಡಿದರು, ಏನು ಮಾಡಲಿಲ್ಲ ಎಂಬುದರ ಮೇಲೆಯೇ ಎಷ್ಟೋ ಸಲ ಜೀವ ನಿಂತಿರುತ್ತದೆ.

ದೊಡ್ಡ ಪರ್ವತಗಳಲ್ಲಿ ಸಿಕ್ಕಿಬಿದ್ದವರನ್ನು ಹುಡುಕಿ ತರುವ ರಕ್ಷಣಾ ತಂಡಗಳಿಗೂ ಇದೇ ಕಷ್ಟ. ಅವರ ಜೊತೆ ಹೋಗುವ ವೈದ್ಯರಿಗೆ ಎಕ್ಸ್‌ರೇ ಇಲ್ಲ, ಶಸ್ತ್ರಚಿಕಿತ್ಸೆಯ ಕೋಣೆ ಇಲ್ಲ, ಒಮ್ಮೊಮ್ಮೆ ಬೆಳಕೂ ಇಲ್ಲ. ಬೆನ್ನ ಮೇಲೆ ಹೊತ್ತು ತಂದಷ್ಟೇ ಔಷಧ. ಆದರೂ ಅವರು ಜೀವ ಉಳಿಸುತ್ತಾರೆ. ಹೇಗೆ? ಅವರ ಅನುಭವದಿಂದ ಬೆಟ್ಟದ ಜನರಾದ ನಾವು ಕಲಿಯಬೇಕಾದದ್ದು ಬಹಳವಿದೆ. ಈ ಸಂಚಿಕೆಯಲ್ಲಿ ಅದನ್ನು ನೋಡೋಣ.

ಆಲ್ಪ್ಸ್ ಪರ್ವತದ ಆಶ್ರಯಮಠ

ಸ್ವಿಟ್ಜರ್ಲೆಂಡ್ ಮತ್ತು ಇಟಲಿ ದೇಶಗಳ ನಡುವೆ, ಆಲ್ಪ್ಸ್ ಪರ್ವತದಲ್ಲಿ, ಸುಮಾರು 2,470 ಮೀಟರ್ ಎತ್ತರದಲ್ಲಿ ಒಂದು ಹಳೆಯ ದಾರಿಯಿದೆ. ನಮ್ಮ ಉದಕಮಂಡಲಕ್ಕಿಂತಲೂ ಎತ್ತರದ ಜಾಗ. ಹನ್ನೊಂದನೇ ಶತಮಾನದಲ್ಲಿ ಸಂತ ಬರ್ನಾರ್ಡರು ಅಲ್ಲಿ ದಾರಿಹೋಕರಿಗಾಗಿ ಒಂದು ಆಶ್ರಯಮಠವನ್ನು ಸ್ಥಾಪಿಸಿದರು. ಹಿಮದಲ್ಲಿ ದಾರಿ ತಪ್ಪಿದವರನ್ನು ಮಠದ ಗುರುಗಳು ಹುಡುಕಿ ತರುತ್ತಿದ್ದರು. ಮುಂದೆ ಅವರಿಗೆ ನಾಯಿಗಳ ನೆರವೂ ದೊರೆಯಿತು. ಆ ನಾಯಿಗಳ ತಳಿಗೆ ಇಂದಿಗೂ ಸಂತರ ಹೆಸರೇ ಇದೆ. 1800ರಲ್ಲಿ ಹುಟ್ಟಿದ ಬ್ಯಾರಿ ಎಂಬ ನಾಯಿ 40ಕ್ಕೂ ಹೆಚ್ಚು ಜನರನ್ನು ಉಳಿಸಿತೆಂದು ಹೇಳುತ್ತಾರೆ. ಸ್ವತಃ ಪರ್ವತಾರೋಹಿಯಾಗಿದ್ದ ಜಗದ್ಗುರು ಹನ್ನೊಂದನೇ ಪಿಯುಸರು 1923ರಲ್ಲಿ ಸಂತ ಬರ್ನಾರ್ಡರನ್ನು ಪರ್ವತಾರೋಹಿಗಳ ಪಾಲಕರೆಂದು ಘೋಷಿಸಿದರು.

ಚಿತ್ರಗಳಲ್ಲಿ ಈ ನಾಯಿಗಳ ಕೊರಳಿಗೆ ಬ್ರಾಂದಿಯ ಪುಟ್ಟ ಪೀಪಾಯಿ ಕಟ್ಟಿರುವುದನ್ನು ನೀವು ನೋಡಿರಬಹುದು. ಅದು ಚಿತ್ರಕಾರರ ಕಲ್ಪನೆ. ಒಂದು ವೇಳೆ ಅದು ನಿಜವಾಗಿದ್ದರೆ ಬದುಕಿದವರಿಗಿಂತ ಸತ್ತವರೇ ಹೆಚ್ಚಾಗುತ್ತಿದ್ದರೋ ಏನೋ! ಹೆಂಡ ಕುಡಿದಾಗ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ. ಮೈ ಬೆಚ್ಚಗಾದಂತೆ ಅನ್ನಿಸುತ್ತದೆ. ಆದರೆ ದೇಹದ ಒಳಗಿನ ಶಾಖ ಚರ್ಮದ ಮೂಲಕ ಹೊರಗೆ ಸೋರಿಹೋಗುತ್ತದೆ. ಚಳಿಗೆ ಸಿಕ್ಕವನಿಗೂ ಗಾಯಗೊಂಡವನಿಗೂ ಹೆಂಡ ಕುಡಿಸುವುದು ಒಳಬಾಗಿಲು ತೆರೆದು ಕಳ್ಳನನ್ನು ಕರೆದಂತೆ.

ತಣ್ಣಗಾದ ಮಾತ್ರಕ್ಕೆ ಸತ್ತಂತಲ್ಲ

ಚಳಿಯ ವಿಷಯದಲ್ಲಿ ವೈದ್ಯರಿಗೇ ಪಾಠ ಕಲಿಸಿದ ಘಟನೆಯೊಂದು 1999ರ ಮೇ 20ರಂದು ನಾರ್ವೆ ದೇಶದಲ್ಲಿ ನಡೆಯಿತು. ಆನಾ ಬೋಗೆನ್‌ಹೋಮ್ ಎಂಬ ಯುವ ವೈದ್ಯೆ ಬೆಟ್ಟದಲ್ಲಿ ಹಿಮದ ಮೇಲೆ ಜಾರುತ್ತಿದ್ದಾಗ ಆಯತಪ್ಪಿ ಹೆಪ್ಪುಗಟ್ಟಿದ ತೊರೆಯೊಳಗೆ ಬಿದ್ದರು. ಮೇಲೆ ದಪ್ಪನೆಯ ಮಂಜುಗಡ್ಡೆ, ಕೆಳಗೆ ಕೊರೆಯುವ ನೀರು. ಜೊತೆಗಿದ್ದ ಇಬ್ಬರು ಸಹೋದ್ಯೋಗಿಗಳು ಅವರ ಕಾಲು ಹಿಡಿದೆಳೆದರೂ ಆಗಲಿಲ್ಲ. ರಕ್ಷಣಾ ತಂಡದವರು ಬಂದು ಮಂಜುಗಡ್ಡೆ ಒಡೆದು ಹೊರಗೆ ತೆಗೆಯುವಾಗ 80 ನಿಮಿಷಗಳು ಕಳೆದಿದ್ದವು. ಉಸಿರಿರಲಿಲ್ಲ, ನಾಡಿ ಇರಲಿಲ್ಲ. ದೇಹದ ಶಾಖ 13.7 ಡಿಗ್ರಿ ಸೆಲ್ಸಿಯಸ್ಸಿಗೆ ಇಳಿದಿತ್ತು. ಆರೋಗ್ಯವಂತರಲ್ಲಿ ಅದು 37ರ ಆಸುಪಾಸಿನಲ್ಲಿರುತ್ತದೆ.

ಯಾರೂ ಕೈಚೆಲ್ಲಲಿಲ್ಲ. ದಡದಲ್ಲೇ ಎದೆ ಒತ್ತಲು ಶುರುಮಾಡಿದವರು ಹೆಲಿಕಾಪ್ಟರಿನಲ್ಲೂ ಬಿಡದೆ ಒತ್ತುತ್ತಾ ಟ್ರೊಮ್ಸೊ ನಗರದ ಆಸ್ಪತ್ರೆಗೆ ತಂದರು. ಅಲ್ಲಿ ಯಂತ್ರದ ಮೂಲಕ ರಕ್ತವನ್ನು ಮೆಲ್ಲಗೆ ಬಿಸಿಮಾಡಿದರು. ನೀರಿನಿಂದ ಎತ್ತಿದ ಎರಡು ಗಂಟೆಗಳ ಮೇಲೆ ಹೃದಯ ಮತ್ತೆ ಬಡಿಯಿತು. ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕಾದವು. ಆದರೆ ಆಕೆ ಮುಂದೆ ಅದೇ ಆಸ್ಪತ್ರೆಯಲ್ಲಿ ವೈದ್ಯೆಯಾಗಿ ಕೆಲಸ ಮಾಡಿದರು. ತೀವ್ರ ಚಳಿಯಲ್ಲಿ ಮೆದುಳು ಬಹಳ ಕಡಿಮೆ ಆಮ್ಲಜನಕದಲ್ಲಿ ತಾಳಿಕೊಳ್ಳುತ್ತದೆ. ಆದ್ದರಿಂದಲೇ ಪರ್ವತ ವೈದ್ಯರು, ಮೈ ಬೆಚ್ಚಗಾದ ಮೇಲೂ ಜೀವ ಬಾರದಿದ್ದರೆ ಮಾತ್ರ ಸತ್ತನೆನ್ನಬೇಕು ಎನ್ನುತ್ತಾರೆ.

ವಯನಾಡಿನಲ್ಲಿ ಕಂಡದ್ದು

ಇದೆಲ್ಲ ದೂರದೇಶದ ಮಾತಾಯಿತು, ನಮಗೇನು ಸಂಬಂಧ ಎನ್ನಬೇಡಿ. 2024ರ ಜುಲೈ 30ರ ನಸುಕಿನಲ್ಲಿ ನಮ್ಮ ನೆರೆಯ ವಯನಾಡಿನ ಮೇಪ್ಪಾಡಿಯ ಬಳಿ ಗುಡ್ಡ ಕುಸಿಯಿತು. ಪುಂಚಿರಿಮಟ್ಟಂ, ಮುಂಡಕ್ಕೈ, ಚೂರಲ್‌ಮಲ ಊರುಗಳು ಮಣ್ಣುಪಾಲಾದವು. 250ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಚೂರಲ್‌ಮಲದ ಸೇತುವೆ ಕೊಚ್ಚಿಹೋದ ಕಾರಣ ಗಾಯಗೊಂಡವರು ಹೊಳೆಯ ಆಚೆ ದಡದಲ್ಲಿ, ವೈದ್ಯರು ಈಚೆ ದಡದಲ್ಲಿ ಎಂಬಂತಾಯಿತು.

ಆಗ ನೀಲಗಿರಿಯ ಗೂಡಲೂರಿನಿಂದ ಬಂದಿದ್ದ ನರ್ಸ್ ಸಬೀನಾ ಅವರು ಔಷಧದ ಚೀಲ ಕಟ್ಟಿಕೊಂಡು, ಉಕ್ಕಿ ಹರಿಯುವ ಹೊಳೆಯ ಮೇಲೆ ಕಟ್ಟಿದ್ದ ಹಗ್ಗಕ್ಕೆ ಜೋತುಬಿದ್ದು ಆಚೆ ದಾಟಿದರು. 30ಕ್ಕೂ ಹೆಚ್ಚು ಜನರಿಗೆ ಅಲ್ಲಿಯೇ ಪ್ರಥಮ ಚಿಕಿತ್ಸೆ ನೀಡಿದರು. ಆ ವರ್ಷದ ಸ್ವಾತಂತ್ರ್ಯ ದಿನದಂದು ತಮಿಳುನಾಡು ಸರ್ಕಾರ ಅವರಿಗೆ ಕಲ್ಪನಾ ಚಾವ್ಲಾ ಪ್ರಶಸ್ತಿ ಕೊಟ್ಟು ಗೌರವಿಸಿತು. ಬೆಂಗಳೂರಿನಲ್ಲಿ ನೆಲೆಯಿರುವ ಸೈನ್ಯದ ಮದ್ರಾಸ್ ಎಂಜಿನಿಯರ್ ದಳದವರು ಹಗಲಿರುಳು ದುಡಿದು ಆಗಸ್ಟ್ 1ರಂದು 190 ಅಡಿ ಉದ್ದದ ಉಕ್ಕಿನ ಸೇತುವೆಯನ್ನು ಮುಗಿಸಿದರು. ಅನಂತರವೇ ಆಂಬುಲೆನ್ಸುಗಳು ಆಚೆ ಹೋಗಲು ಸಾಧ್ಯವಾಯಿತು.

ಅದೇ ದಿನಗಳಲ್ಲಿ ಕಲ್ಪೆಟ್ಟ ವಲಯದ ಅರಣ್ಯಾಧಿಕಾರಿ ಕೆ. ಹಾಶಿಸ್ ಮತ್ತು ಅವರ ಸಂಗಡಿಗರು ಅಟ್ಟಮಲ ಕಾಡಿನಲ್ಲಿ ಸಿಕ್ಕಿಬಿದ್ದಿದ್ದ ಒಂದು ಪಣಿಯ ಕುಟುಂಬವನ್ನು ಕಾಪಾಡಿದರು. ಕಡಿದಾದ ಬಂಡೆಯ ಗುಹೆಯಲ್ಲಿ ಪುಟ್ಟ ಮಕ್ಕಳು ಹಸಿವಿನಿಂದ, ಚಳಿಯಿಂದ ನಡುಗುತ್ತಿದ್ದರು. ಅಧಿಕಾರಿಗಳು ತಮ್ಮಲ್ಲಿದ್ದ ಆಹಾರ ಕೊಟ್ಟರು. ಬಟ್ಟೆಯನ್ನು ಹರಿದು ಮಕ್ಕಳನ್ನು ತಮ್ಮ ಮೈಗೇ ಕಟ್ಟಿಕೊಂಡು ಹಗ್ಗ ಹಿಡಿದು ಸಾಗಿದರು. ಬೀಳದಂತೆ ಕಟ್ಟಿದ ಆ ಬಟ್ಟೆಯೇ ಮಗುವಿಗೆ ಮೈಶಾಖವನ್ನೂ ಒದಗಿಸಿತು. ವೈದ್ಯಶಾಸ್ತ್ರದ ಪುಸ್ತಕವೂ ಅಂಥ ಜಾಗದಲ್ಲಿ ಇದಕ್ಕಿಂತ ಹೆಚ್ಚಿನದನ್ನು ಹೇಳಲಾರದು.

ಈ ಮೂರೂ ಕಡೆಗಳಿಂದ ತಿಳಿಯುವುದು ಒಂದೇ. ದೊಡ್ಡ ಯಂತ್ರ, ದೊಡ್ಡ ತಂಡ ಬರುವುದು ತಡವಾಗಿ. ಹಿಮಕುಸಿತದಲ್ಲಿ ಹೂತವರ ಲೆಕ್ಕ ನೋಡಿ: ಹತ್ತು ನಿಮಿಷದೊಳಗೆ ಹೊರಬಂದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಬದುಕುತ್ತಾರೆ, ಅರ್ಧ ಗಂಟೆ ಕಳೆದರೆ ಸುಮಾರು ಮೂವರಲ್ಲಿ ಒಬ್ಬರು. ಹತ್ತು ನಿಮಿಷದಲ್ಲಿ ಹೆಲಿಕಾಪ್ಟರ್ ಬರುವುದಿಲ್ಲ. ಅಗೆದು ತೆಗೆಯುವವನು ಜೊತೆಗಾರನೇ.

ನಾವು ಮಾಡಬೇಕಾದದ್ದು

ಪರ್ವತ ರಕ್ಷಣಾ ತಂಡಗಳು ಅನುಸರಿಸುವ ಕ್ರಮವನ್ನು ನಮ್ಮ ಹೊಲಗದ್ದೆಗಳಿಗೆ ತಕ್ಕಂತೆ ಇಲ್ಲಿ ಕೊಟ್ಟಿದೆ.

1. ಮೊದಲು ನಿಮ್ಮ ಸುರಕ್ಷತೆ. ಕಾಪಾಡಲು ಹೋದವನೇ ಬಿದ್ದರೆ ಹೊರಬೇಕಾದ ದೇಹ ಎರಡಾಗುತ್ತದೆ. ಬಾವಿಯಲ್ಲಿ ಒಬ್ಬ ಪ್ರಜ್ಞೆ ತಪ್ಪಿ ಬಿದ್ದಿದ್ದರೆ ಅಲ್ಲಿ ವಿಷಗಾಳಿ ಇರಬಹುದು, ಹಿಂದೆಯೇ ಇಳಿಯಬೇಡಿ. ವಿದ್ಯುತ್ ತಂತಿ ತಗುಲಿದವನನ್ನು ಮುಟ್ಟುವ ಮೊದಲು ಕರೆಂಟು ನಿಲ್ಲಿಸಿ. ಆನೆ ದೂರ ಹೋಗಿದೆಯೇ, ಗುಡ್ಡ ಇನ್ನೂ ಜರಿಯುತ್ತಿದೆಯೇ ನೋಡಿ. ಅಷ್ಟರಲ್ಲಿ ಒಬ್ಬರು 108ಕ್ಕೆ ಫೋನ್ ಮಾಡಲಿ. ನಾವು ಗಡಿಯವರು, ರಾಜ್ಯ, ತಾಲ್ಲೂಕು, ಊರಿನ ಹೆಸರನ್ನು ಬಿಡಿಸಿ ಹೇಳಿ.

2. ರಕ್ತ ನಿಲ್ಲಿಸಿ. ಶುದ್ಧ ಬಟ್ಟೆಯನ್ನು ಗಾಯದ ಮೇಲಿಟ್ಟು ಅಂಗೈಯಿಂದ ಗಟ್ಟಿಯಾಗಿ ಒತ್ತಿ. ಆಗಾಗ ಎತ್ತಿ ನೋಡಬೇಡಿ. ಕಾಫಿಪುಡಿ, ಅರಿಸಿನ, ಮಣ್ಣು ಯಾವುದನ್ನೂ ಹಾಕಬೇಡಿ. ಕೈಕಾಲಿನ ಗಾಯದಿಂದ ರಕ್ತ ಚಿಮ್ಮುತ್ತಿದ್ದು, ಒತ್ತಿದರೂ ನಿಲ್ಲದಿದ್ದರೆ ಮಾತ್ರ ಗಾಯಕ್ಕಿಂತ ನಾಲ್ಕು ಬೆರಳು ಮೇಲೆ, ಕೀಲಿನ ಮೇಲಲ್ಲದೆ, ಅಗಲವಾದ ಬಟ್ಟೆ ಸುತ್ತಿ, ಕೋಲು ಸೇರಿಸಿ, ರಕ್ತ ನಿಲ್ಲುವ ತನಕ ತಿರುಚಿ ಕಟ್ಟಿ. ಕಟ್ಟಿದ ಸಮಯವನ್ನು ಬರೆದಿಡಿ. ಅದನ್ನು ಬಿಚ್ಚುವುದು ಆಸ್ಪತ್ರೆಯವರ ಕೆಲಸ.

3. ಉಸಿರು ನೋಡಿ. ಪ್ರಜ್ಞೆ ಇಲ್ಲದವನ ಬಾಯಿಗೆ ನೀರು ಹೊಯ್ಯುವ ಅಭ್ಯಾಸ ನಮ್ಮಲ್ಲಿದೆ. ಅದು ಶ್ವಾಸಕೋಶಕ್ಕೆ ಇಳಿದು ಪ್ರಾಣ ತೆಗೆಯಬಹುದು. ಉಸಿರಾಡುತ್ತಿದ್ದರೆ ಕುತ್ತಿಗೆ ತಿರುಚದಂತೆ ತಲೆ ಹಿಡಿದು ಮಗ್ಗುಲಾಗಿ ಮಲಗಿಸಿ. ಉಸಿರು ನಿಂತಿದ್ದರೆ ಎದೆಯ ನಡುವೆ ಎರಡೂ ಅಂಗೈ ಇಟ್ಟು ಎರಡು ಅಂಗುಲದಷ್ಟು ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ದಣಿದರೆ ಇನ್ನೊಬ್ಬರು ಮುಂದುವರಿಸಲಿ.

4. ಮೈ ಬೆಚ್ಚಗಿಡಿ. ಬೇಸಿಗೆಯಲ್ಲೂ ಇದು ಬೇಕು. ರಕ್ತ ಹೋದವನ ಮೈ ಬೇಗ ತಣ್ಣಗಾಗುತ್ತದೆ. ತಣ್ಣಗಾದ ರಕ್ತ ಸರಿಯಾಗಿ ಹೆಪ್ಪುಗಟ್ಟದೆ ಮತ್ತಷ್ಟು ಹರಿಯುತ್ತದೆ. ಒದ್ದೆ ಬಟ್ಟೆ ತೆಗೆಯಿರಿ. ಮೇಲೆ ಹೊದಿಸುವ ಮೊದಲು ಕೆಳಗೆ ಹಾಸಿ, ಏಕೆಂದರೆ ಹಸಿ ನೆಲ ಶಾಖವನ್ನು ಹೀರುತ್ತದೆ. ಒಣ ಕಂಬಳಿ, ಅದರ ಮೇಲೆ ಟಾರ್ಪಾಲು, ತಲೆಗೆ ಬಟ್ಟೆ. ಚಳಿಯಿಂದ ನಡುಗುತ್ತಾ ಸರಿಯಾಗಿ ಮಾತಾಡುವವನಿಗೆ ಬೇರೆ ಗಾಯವಿಲ್ಲದಿದ್ದರೆ ಸಿಹಿಯಾದ ಬಿಸಿ ಪಾನೀಯ ಕೊಡಬಹುದು. ನಡುಕ ನಿಂತು, ಮಾತು ತೊದಲಿ, ಮಂಕಾದರೆ ಅದು ಅಪಾಯದ ಗುರುತು. ಅಂಥವನನ್ನು ನಡೆಸಬೇಡಿ, ಕೈಕಾಲು ತಿಕ್ಕಬೇಡಿ. ತಣ್ಣಗಾದ ಹೃದಯ ಒರಟಾಗಿ ಎಳೆದಾಡಿದರೂ ಲಯ ತಪ್ಪುತ್ತದೆ.

5. ಮೆಲ್ಲಗೆ ಸಾಗಿಸಿ. ಎತ್ತರದಿಂದ ಬಿದ್ದವನನ್ನು ತೋಳು, ಕಾಲು ಹಿಡಿದು ಮೂಟೆಯಂತೆ ಎತ್ತಬೇಡಿ. ಬೆನ್ನುಮೂಳೆ ಮುರಿದಿದ್ದರೆ ಜೀವಮಾನವೆಲ್ಲ ಮಲಗಬೇಕಾದೀತು. ಎರಡು ಬಿದಿರಿನ ಗಳುಗಳಿಗೆ ಕಂಬಳಿ ಸುತ್ತಿ ಡೋಲಿ ಮಾಡಿ. ಒಬ್ಬರು ತಲೆ ಹಿಡಿದು ಎಣಿಸಲಿ, ಉಳಿದವರು ಒಟ್ಟಿಗೆ ಹೊರಳಿಸಿ ಮಲಗಿಸಲಿ. ಆರು ಜನ ಹೊರಲಿ, ಇನ್ನಾರು ಜನ ಬದಲಿಗಿರಲಿ. ಬಸಬಸನೆ ಓಡುವುದಕ್ಕಿಂತ ಅಲುಗಾಡದೆ ನಡೆಯುವುದು ಮೇಲು.

ಎರಡು ಎಚ್ಚರಿಕೆಗಳು

ಟ್ರಾಕ್ಟರು, ಮರ, ಗೋಡೆಯ ಅಡಿ ಸಿಕ್ಕವನನ್ನು ಆಗಲೇ ಕಂಡರೆ ಕೂಡಲೇ ಭಾರ ಎತ್ತಿ. ಆದರೆ ಗಂಟೆಗಟ್ಟಲೆ ಸಿಕ್ಕಿದ್ದರೆ ಇನ್ನೊಂದು ಅಪಾಯವಿದೆ. 1941ರಲ್ಲಿ ಬಾಂಬಿಗೆ ಉರುಳಿದ ಲಂಡನ್ನಿನ ಮನೆಗಳಿಂದ ತೆಗೆದವರು ಮೊದಲು ಚೆನ್ನಾಗಿದ್ದು, ಕೆಲವು ದಿನಗಳಲ್ಲಿ ಮೂತ್ರಪಿಂಡ ಕೆಟ್ಟು ಸಾಯುವುದನ್ನು ಡಾ. ಎರಿಕ್ ಬೈವಾಟರ್ಸ್ ಗುರುತಿಸಿದರು. ಜಜ್ಜಿದ ಮಾಂಸದಲ್ಲಿ ತುಂಬಿಕೊಂಡ ಪೊಟ್ಯಾಸಿಯಂ ಮೊದಲಾದವು ಭಾರ ಎತ್ತಿದೊಡನೆ ರಕ್ತಕ್ಕೆ ನುಗ್ಗಿ ಹೃದಯವನ್ನೂ ಮೂತ್ರಪಿಂಡವನ್ನೂ ಹೊಡೆಯುತ್ತವೆ. ಆದ್ದರಿಂದ ಆಂಬುಲೆನ್ಸಿನವರು ಹತ್ತಿರದಲ್ಲಿದ್ದರೆ ಅವರು ಮೊದಲು ಸಲೈನ್ ಹಾಕಲಿ, ಅನಂತರ ಬಿಡಿಸಿ. ಬಿಡಿಸಿದವನು ನಗುತ್ತಾ ಮಾತಾಡಿದರೂ ಆಸ್ಪತ್ರೆಗೆ ಹೋಗಲೇಬೇಕು.

ಎರಡನೆಯದು ಹಾವಿನ ಕಡಿತ. ಮೇಲೆ ಹೇಳಿದ ಬಿಗಿಕಟ್ಟು ಹಾವು ಕಡಿದವರಿಗೆ ಸಲ್ಲದು. ಕಟ್ಟಬೇಡಿ, ಕೊಯ್ಯಬೇಡಿ, ಚೀಪಬೇಡಿ. ಉಂಗುರ, ಬಳೆ ತೆಗೆದು, ಕಡಿದ ಅಂಗವನ್ನು ಮುರಿದ ಮೂಳೆಯಂತೆ ಅಲುಗಾಡದೆ ಇರಿಸಿ, ನಡೆಸದೆ ಹೊತ್ತುಕೊಂಡು ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಸಾಗಿಸಿ.

ಇಂದೇ ಸಿದ್ಧರಾಗೋಣ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಫಲವಿಲ್ಲ. ಪ್ರತಿಯೊಂದು ಕೇರಿಯಲ್ಲೂ ಒಂದು ಮನೆಯಲ್ಲಿ ಈ ಗಂಟು ಸಿದ್ಧವಿರಲಿ: ಎರಡು ಗಟ್ಟಿ ಬಿದಿರು, ಎರಡು ಕಂಬಳಿ, ಒಂದು ಟಾರ್ಪಾಲು, ಹಗ್ಗ, ಟಾರ್ಚು, ತೊಳೆದು ಒಣಗಿಸಿದ ಬಟ್ಟೆಯ ಪಟ್ಟಿಗಳು, ಪೆನ್ನು. ಯಾರ ಮನೆಯಲ್ಲಿ ಜೀಪಿದೆ, ಯಾವ ಆಸ್ಪತ್ರೆಯಲ್ಲಿ ರಾತ್ರಿ ವೈದ್ಯರಿರುತ್ತಾರೆ ಎಂಬುದನ್ನು ಗೋಡೆಗೆ ಬರೆದು ಹಚ್ಚಿ. ಒಂದು ಭಾನುವಾರ ಪೂಜೆಯ ನಂತರ ಯುವಕ ಯುವತಿಯರು ಸೇರಿ ಡೋಲಿ ಹೊರುವುದನ್ನು, ಎದೆ ಒತ್ತುವುದನ್ನು ಆರೋಗ್ಯ ಕೇಂದ್ರದ ನರ್ಸಮ್ಮನವರಿಂದ ಕಲಿಯಲಿ. ಇದಕ್ಕೆ ಹಣ ಬೇಕಿಲ್ಲ, ಮನಸ್ಸು ಸಾಕು.

ಶುಭಸಂದೇಶದ ಸಮಾರಿಯದವನನ್ನು ನೆನೆಯಿರಿ. ಅವನು ಗಾಯ ಕಟ್ಟಿದ, ತನ್ನ ವಾಹನದ ಮೇಲೆ ಕೂರಿಸಿದ, ಛತ್ರಕ್ಕೆ ಸೇರಿಸಿ ನೋಡಿಕೊಳ್ಳುವವರ ಕೈಗೆ ಒಪ್ಪಿಸಿದ. ಇಂದಿನ ರಕ್ಷಣಾ ತಂಡಗಳ ಕ್ರಮವೂ ಅದೇ. ನಮ್ಮ ಬೆಟ್ಟದ ದಾರಿಯಲ್ಲಿ ಯಾರಾದರೂ ಬಿದ್ದ ದಿನ, ಪಕ್ಕದಲ್ಲಿ ನಿಂತಿರುವವರು ನಾವೇ ಆಗಿರುತ್ತೇವೆ.