ಚಕ್ರಕ್ಕೆ ಸುಲಿಯುವ ಬಣ್ಣ: ಡಬ್ಬಿ ಮಾರುವುದೋ, ಬಳಿದು ಕೊಡುವುದೋ?

ಬೈಲಹೊಂಗಲ, ಸವದತ್ತಿ ಸೀಮೆಯ ಎರೆ ಮಣ್ಣು ಮಳೆಗಾಲದಲ್ಲಿ ಕಾರಿನ ಚಕ್ರಕ್ಕೆ ಮೆತ್ತಿಕೊಳ್ಳುತ್ತದೆ. ಬೇಸಿಗೆಯಲ್ಲಿ ಧೂಳಾಗಿ ಸಂದುಗಳಲ್ಲಿ ಕೂರುತ್ತದೆ. ಬ್ರೇಕಿನಿಂದ ಉದುರುವ ಕಪ್ಪು ಪುಡಿಯೂ ಅದಕ್ಕೆ ಸೇರಿದರೆ ಬೆಳ್ಳಿ ಬಣ್ಣದ ಅಲಾಯ್ ಚಕ್ರವು ಕಳೆಗುಂದಲು ಹೆಚ್ಚು ಕಾಲ ಬೇಕಿಲ್ಲ. ಹೊಸ ಚಕ್ರ ದುಬಾರಿ. ಪೌಡರ್ ಕೋಟಿಂಗ್ ಗಟ್ಟಿಯಾದದ್ದು, ಆದರೆ ಅದಕ್ಕೆ ಟೈರು ಕಳಚಿ ಚಕ್ರವನ್ನು ಸುಮಾರು 180ರಿಂದ 200 ಡಿಗ್ರಿ ಶಾಖದ ಓವನ್ನಿನಲ್ಲಿ ಇಡಬೇಕಾಗುತ್ತದೆ. ಇವೆರಡರ ನಡುವಿನ ಮಾರ್ಗವೇ ಸ್ಪ್ರೇ ಡಬ್ಬಿಯ ರಬ್ಬರ್ ಲೇಪ. ಬೇಡವೆನಿಸಿದಾಗ ಅದನ್ನು ಸಿಪ್ಪೆಯಂತೆ ಸುಲಿದು ತೆಗೆದರೆ ಕಂಪನಿಯ ಮೂಲ ಬಣ್ಣವು ಹಾಗೆಯೇ ಇರುತ್ತದೆ. ಕಾರನ್ನು ಮರುಮಾರಾಟ ಮಾಡುವವರಿಗೆ ಇದು ಸಣ್ಣ ಅನುಕೂಲವಲ್ಲ.

ಈ ಬಗೆಯ ಲೇಪಗಳಲ್ಲಿ ಪ್ರಸಿದ್ಧವಾದ ಅಮೆರಿಕದ ಪ್ಲಾಸ್ಟಿ ಡಿಪ್ ಮೊದಲಿಗೆ ಬಳಕೆಗೆ ಬಂದದ್ದು ಇಕ್ಕಳ ಮುಂತಾದ ಉಪಕರಣಗಳ ಹಿಡಿಗೆ ಅದ್ದುವ ರಬ್ಬರಾಗಿ. ಚಕ್ರದ ಬಳಕೆ ನಂತರದ್ದು.

ಮನೆಯಂಗಳದಲ್ಲಿಯೇ ಮಾಡಬಹುದಾದ ಈ ಕೆಲಸದಲ್ಲಿ ಬಣ್ಣ ಸಿಂಪಡಿಸುವುದಕ್ಕಿಂತ ತೊಳೆಯುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ. ಶಾಂಪೂ ನೀರಿನಿಂದ ಉಜ್ಜಿ, ಒಣಗಿಸಿ, ಜಿಡ್ಡು ಉಳಿಯದಂತೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಬೇಕು. ರಿಮ್ಮಿಗೂ ಟೈರಿಗೂ ನಡುವೆ ಸುತ್ತಲೂ ಹಳೆಯ ಇಸ್ಪೀಟು ಎಲೆಗಳನ್ನು ಸಿಕ್ಕಿಸಿದರೆ ಟೈರಿಗೆ ಬಣ್ಣ ತಾಗದು. ಬ್ರೇಕ್ ಡಿಸ್ಕಿಗಾಗಲಿ, ನಟ್ಟು ಕೂರುವ ಜಾಗಕ್ಕಾಗಲಿ ಲೇಪ ಬೀಳಕೂಡದು. ಡಬ್ಬಿಯನ್ನು 15–20 ಸೆಂ.ಮೀ. ದೂರ ಹಿಡಿದು, ಮೊದಲ ಪದರವನ್ನು ಮೂಲ ಬಣ್ಣ ಕಾಣುವಷ್ಟು ತೆಳುವಾಗಿಸಿ, ನಂತರ ಪ್ರತಿಯೊಂದೂ ಆರಿದ ಮೇಲೆ ನಾಲ್ಕೈದು ತುಂಬು ಪದರಗಳನ್ನು ಕೊಡಬೇಕು. ಡಬ್ಬಿ ಉಳಿಸಲು ಎರಡೇ ಪದರಕ್ಕೆ ನಿಲ್ಲಿಸುವುದು ಸಾಮಾನ್ಯವಾದ ತಪ್ಪು. ತೆಳು ಲೇಪವು ಹಾಳೆಯಾಗಿ ಸುಲಿಯದೆ ಚೂರುಚೂರಾಗಿ ಕಿತ್ತುಬರುತ್ತದೆ; ಆಗ ಗಿರಾಕಿಯು ಮಾರಿದವರನ್ನೇ ದೂರುತ್ತಾನೆ.

ತುಕ್ಕು ಹಿಡಿದ ಉಕ್ಕಿನ ಚಕ್ರಕ್ಕೆ ಇದು ಮದ್ದಲ್ಲ. ಲೇಪದಡಿಯಲ್ಲಿ ತುಕ್ಕು ಬೆಳೆಯುತ್ತಲೇ ಇರುತ್ತದೆ. ಪೆಟ್ರೋಲ್ ತಾಗಿದರೆ ಲೇಪವು ಮೆತ್ತಗಾಗಿ ಕೆಡುತ್ತದೆ. ಸರ್ವಿಸ್ ಸ್ಟೇಷನ್ನಿನ ರಭಸದ ನೀರು ಅಂಚಿಗೆ ಬಡಿದರೆ ಏಳುವುದೂ ಉಂಟು. ಗಾಳಿಯಲ್ಲಿ ತೇವ ಹೆಚ್ಚಿರುವ ಮಳೆಗಾಲಕ್ಕಿಂತ ದೀಪಾವಳಿಯ ನಂತರದ ಒಣ ದಿನಗಳು ಲೇಸು, ಅದೂ ಗಾಳಿ ಏಳುವ ಮುನ್ನ ಬೆಳಗಿನಲ್ಲಿ.

ನಾಲ್ಕೂ ತಾಲ್ಲೂಕುಗಳ ಕೆಎ-24 ವಾಹನಗಳ ನೋಂದಣಿ ಪತ್ರದಲ್ಲಿ ನಮೂದಾಗುವುದು ಕಾರಿನ ಮೈಬಣ್ಣವೇ ಹೊರತು ಚಕ್ರದ ಬಣ್ಣವಲ್ಲ. ಆದರೆ ಇದೇ ಲೇಪವನ್ನು ಇಡೀ ಕಾರಿಗೆ ಹೊಡೆಯುವ ಉಮೇದು ಬಂದರೆ ಸಾರಿಗೆ ಕಚೇರಿಯನ್ನು ಕೇಳಿಯೇ ಮುಂದುವರಿಯತಕ್ಕದ್ದು.

ಇನ್ನು ವ್ಯಾಪಾರದ ಮಾತು. ಕಿತ್ತೂರಿನ ಹೆದ್ದಾರಿಯ ಬದಿಯಲ್ಲಿಯೋ ರಾಮದುರ್ಗದ ಪೇಟೆಯಲ್ಲಿಯೋ ವಾಹನ ಬಿಡಿಭಾಗಗಳ ಅಂಗಡಿ ಇಟ್ಟವರು ಡಬ್ಬಿ ಮಾರುವುದರ ಜೊತೆಗೆ ಬಳಿದುಕೊಡುವ ಕೂಲಿಯನ್ನೂ ಪಡೆಯಲು ಮನಸ್ಸು ಮಾಡುವುದು ಸಹಜ. ಎಚ್ಚರಿಕೆ ಬೇಕಾದುದು ಇಲ್ಲಿಯೇ. ಕರ್ನಾಟಕದಲ್ಲಿ ಕೇವಲ ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ವಾರ್ಷಿಕ ಮಿತಿ 40 ಲಕ್ಷ ರೂಪಾಯಿ. ತೆರಿಗೆಗೆ ಒಳಪಡುವ ಸೇವೆಯೊಂದು ಸೇರಿಕೊಂಡರೆ ‘ಕೇವಲ ಸರಕು’ ಎಂಬ ಷರತ್ತು ಮುರಿದು, ಮಿತಿಯು 20 ಲಕ್ಷಕ್ಕೆ ಇಳಿಯುತ್ತದೆ. ವರ್ಷಕ್ಕೆ 28 ಲಕ್ಷದ ವಹಿವಾಟಿನ, ನೋಂದಣಿ ಬೇಕಿರದ ಅಂಗಡಿಯೊಂದನ್ನು ಊಹಿಸಿಕೊಳ್ಳೋಣ. ಅದು ಕೆಲವೇ ಸಾವಿರ ರೂಪಾಯಿಗಳ ಬಳಿಯುವ ಕೂಲಿಗಾಗಿ ಇಡೀ ವಹಿವಾಟನ್ನು ತೆರಿಗೆಯ ಚೌಕಟ್ಟಿನೊಳಗೆ ತಂದುಕೊಂಡಂತಾಗುತ್ತದೆ. ಕೂಲಿ ಸಣ್ಣದೆಂದು ಪುಸ್ತಕದಲ್ಲಿ ಬರೆಯದೆ ಬಿಡುವುದು ಪರಿಹಾರವಲ್ಲ. ಈಗ ಹಣ ಬರುವುದು ಬಹುತೇಕ ಯುಪಿಐ ಮೂಲಕ, ಲೆಕ್ಕ ಬ್ಯಾಂಕಿನಲ್ಲಿಯೇ ಇರುತ್ತದೆ.

ರಾಜಿ ತೆರಿಗೆ ಪದ್ಧತಿಯಲ್ಲಿರುವ ವರ್ತಕರಿಗೆ ತುಸು ಸಡಿಲವಿದೆ. ಹಿಂದಿನ ವರ್ಷದ ವಹಿವಾಟಿನ ಶೇ. 10 ಅಥವಾ 5 ಲಕ್ಷ ರೂಪಾಯಿ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟರ ಮಟ್ಟಿಗೆ ಅವರು ಸೇವೆಯನ್ನೂ ನೀಡಬಹುದು. ಸಾಮಾನ್ಯ ನೋಂದಣಿ ಇರುವವರಿಗೆ ಚಿಂತೆ ಕಡಿಮೆ. 2018ರ ಜುಲೈ 27ರಂದು ಬಣ್ಣಗಳ ಮೇಲಿನ ತೆರಿಗೆ ಶೇ. 28ರಿಂದ 18ಕ್ಕೆ ಇಳಿದಿದ್ದು, ಖರೀದಿಯ ತೆರಿಗೆಯು ಜಮೆಯಾಗಿ ದೊರೆಯುತ್ತದೆ. ಆದರೂ ಅವರು ದರವನ್ನು ಡಬ್ಬಿಗಳ ಮೇಲೆ ಕಟ್ಟಬಾರದು. ತೊಳೆದು ಒಣಗಿಸುವ ಆಳಿನ ಅರ್ಧ ದಿನವೂ, ಪದರಗಳು ಆರುವ ತನಕ ಕಾರು ಆಕ್ರಮಿಸುವ ಜಾಗವೂ ಖರ್ಚೇ.

ನೋಂದಣಿ ಇಲ್ಲದ ಸಣ್ಣ ಅಂಗಡಿಗೆ ಡಬ್ಬಿಯನ್ನು ಮಾರಿ, ಬಳಿಯುವ ಕ್ರಮವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿದ ಚೀಟಿಯೊಂದನ್ನು ಜೊತೆಗೆ ಕೊಟ್ಟು, ಕೆಲಸವನ್ನು ಗಿರಾಕಿಯ ಅಂಗಳಕ್ಕೇ ಬಿಡುವುದು ಮೇಲು. ಆಮದಾದ ಡಬ್ಬಿಯಾದರೆ ಆಮದುದಾರರ ಹೆಸರು, ವಿಳಾಸ ಹಾಗೂ ಗರಿಷ್ಠ ಮಾರಾಟ ಬೆಲೆ ಮುದ್ರಿತವಾಗಿರುವುದನ್ನು ನೋಡಿಯೇ ಕೊಳ್ಳಬೇಕು. ಮೊದಲಿಗೆ ಕಪ್ಪು ಬಣ್ಣವೊಂದೇ ಸಾಕು; ಕೆಂಪು, ನೀಲಿಗಳು ಕಪಾಟಿನಲ್ಲಿಯೇ ಹಳತಾಗುವ ಸಂಭವ ಹೆಚ್ಚು. ಒತ್ತಡದ, ಬೆಂಕಿ ತಗುಲುವ ಸರಕಾದ್ದರಿಂದ 50 ಡಿಗ್ರಿಗಿಂತ ಹೆಚ್ಚು ಶಾಖ ತಾಗಬಾರದು. ಏಪ್ರಿಲ್ ತಿಂಗಳಿನಲ್ಲಿ ತಗಡಿನ ಛಾವಣಿಯ ಅಟ್ಟ ಇದಕ್ಕೆ ತಕ್ಕ ಜಾಗವಲ್ಲ.