ಉಪ್ಪನ್ನು ಹೊತ್ತು ದಾಟಿಸುವ ಅಣುಗಳು

ಹಣೆಗೆ ಮುತ್ತಿಟ್ಟಾಗ ಉಪ್ಪುಪ್ಪೆನಿಸುವ ಕೂಸು ಬಹುಕಾಲ ಬಾಳದೆಂಬ ನಂಬಿಕೆಯು ಹಿಂದೆ ಯುರೋಪಿನ ಜನರಲ್ಲಿದ್ದಿತು. ವಾಚಕರು ಇದನ್ನು ಬರಿಯ ಮೌಢ್ಯವೆಂದು ತಳ್ಳಿಬಿಡಲಾಗದು. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟುರೋಗದಲ್ಲಿ ಬೆವರು ನಿಜವಾಗಿಯೂ ಅತಿ ಉಪ್ಪಾಗಿರುವುದು. ಶ್ವಾಸಕೋಶಗಳಲ್ಲಿ ಕಫವು ಅಂಟಿನಂತೆ ಗಟ್ಟಿಗೊಳ್ಳುವುದು.

ನಾವು ಉಣ್ಣುವ ಉಪ್ಪು ನೀರಿನಲ್ಲಿ ಕರಗಿದೊಡನೆ ಸೋಡಿಯಂ, ಕ್ಲೋರೈಡು ಎಂಬ ಎರಡು ಬಗೆಯ ಕಣಗಳಾಗಿ ಬೇರ್ಪಡುವುದು. ಕ್ಲೋರೈಡು ಋಣವಿದ್ಯುತ್ತುಳ್ಳದ್ದು. ಜೀವಕೋಶದ ಪೊರೆಯಾದರೋ ಎಣ್ಣೆಯ ಸ್ವಭಾವದ್ದು. ಅದನ್ನು ಈ ಕಣವು ತಾನಾಗಿ ದಾಟಲಾರದು. ಅದಕ್ಕೆಂದೇ ಪೊರೆಯಲ್ಲಿ ಪ್ರೋಟೀನಿನ ಬಾಗಿಲುಗಳಿವೆ. ಅವುಗಳಲ್ಲೊಂದು ಕೆಟ್ಟಿರುವುದೇ ಈ ರೋಗಕ್ಕೆ ಮೂಲ. ಅದರ ಜೀನು 1989ರಲ್ಲಿ ಪತ್ತೆಯಾಯಿತು.

ಬಾಗಿಲು ತೆರೆಯದಿದ್ದರೆ ಗೋಡೆಯನ್ನೇ ದಾಟಿಸಬಲ್ಲ ಆಳನ್ನು ನೇಮಿಸಬಾರದೇಕೆ? ಕ್ಲೋರೈಡನ್ನು ಪಂಜರದಂತೆ ಹಿಡಿದಿಡುವ ಕೃತಕ ಅಣುವನ್ನು ಅಮೆರಿಕೆಯ ಪಾರ್ಕ್ ಮತ್ತು ಸಿಮನ್ಸ್ ಎಂಬವರು 1968ರಲ್ಲಿಯೇ ಪ್ರಕಟಿಸಿದ್ದರು. ಬಳಿಕ ಬ್ರಿಸ್ಟಲಿನ ಆಂಟನಿ ಡೇವಿಸ್ ಅವರ ತಂಡವು ಪಿತ್ತರಸದ ಕೋಲಿಕ್ ಆಮ್ಲಕ್ಕೆ ಯೂರಿಯಾದ ಕೈಗಳನ್ನು ಜೋಡಿಸಿತು. ಒಳಗೆ ಕ್ಲೋರೈಡನ್ನು ಸೆಳೆಯುವ ಹೈಡ್ರೊಜನ್ನುಗಳು, ಹೊರಗೆ ಎಣ್ಣೆಯಲ್ಲಿ ಬೆರೆಯುವ ಮೈ! ಸೊಗಸಾದ ಉಪಾಯವೆಂದೇ ನಮ್ಮ ಅಭಿಪ್ರಾಯ. ಆದರೆ ಹಿಡಿತವು ಸಡಿಲವಾದರೆ ನೀರು ಕಣವನ್ನು ಬಿಟ್ಟುಕೊಡದು. ಅತಿ ಬಿಗಿಯಾದರೆ ಆಳು ಆಚೆಬದಿಯಲ್ಲಿ ಹೊರೆಯನ್ನಿಳಿಸನು. ಕ್ಲೋರೈಡಿನೊಡನೆ ಆಮ್ಲವನ್ನೂ ಸಾಗಿಸುವ ಅಣುಗಳು ಆರೋಗ್ಯವುಳ್ಳ ಕೋಶಗಳನ್ನೇ ಕೊಲ್ಲಬಹುದು.

ಕೆಟ್ಟ ಬಾಗಿಲನ್ನೇ ಸರಿಪಡಿಸುವ ಔಷಧಗಳು 2012ರಿಂದ ಬಂದಿವೆ. ಅನೇಕರು ಅವುಗಳಿಂದ ಚೇತರಿಸಿಕೊಂಡಿದ್ದಾರೆ. ಆದರೆ ಕೆಲವು ಮಕ್ಕಳ ದೇಹವು ಆ ಬಾಗಿಲನ್ನು ಕಟ್ಟುವುದೇ ಇಲ್ಲ. ಹೊರೆಯಾಳಿನ ನಿರೀಕ್ಷೆಯು ಮುಖ್ಯವಾಗಿ ಅವರಿಗಾಗಿಯೇ. ಅಂಥ ಅಣುವು ಇನ್ನೂ ಪ್ರಯೋಗಶಾಲೆಯಿಂದ ಔಷಧಾಲಯವನ್ನು ಮುಟ್ಟಿಲ್ಲ.